ಊಟದ ಬಿಡುವಿನಲ್ಲಿ ಶುರುವಾದ ಪ್ರಾಜೆಕ್ಟ್

ಪ್ರಾಜೆಕ್ಟ್ ಎಂದರೆ ನಮ್ಮಂಥ ಐಟಿಯವರಿಗೆ ಬಜೆಟ್, ಡೆಡ್‌ಲೈನ್ ನೆನಪಾಗುತ್ತವೆ. ಅಮೆರಿಕದ ಲಾಸ್ ಏಂಜಲೀಸಿನ ಫೇರ್‌ಫ್ಯಾಕ್ಸ್ ಹೈಸ್ಕೂಲಿನ ‘ಪ್ರಾಜೆಕ್ಟ್ 10’ ಹುಟ್ಟಿದ್ದು ಊಟದ ಬಿಡುವಿನ ಮಾತುಕತೆಯಿಂದ.

1984ರಲ್ಲಿ ಅಲ್ಲಿ ಸಲಿಂಗಿ ಹುಡುಗನೊಬ್ಬ ಸಹಪಾಠಿಗಳ ಕಾಟ ತಾಳಲಾರದೆ ಓದು ಬಿಟ್ಟ. ವಿಜ್ಞಾನದ ಟೀಚರ್ ವರ್ಜೀನಿಯಾ ಉರೀಬೆ ಅದನ್ನು ಅಲ್ಲಿಗೇ ಬಿಡಲಿಲ್ಲ. ಸಲಿಂಗಿ ಹುಡುಗ ಹುಡುಗಿಯರನ್ನು ಊಟದ ಹೊತ್ತಿನಲ್ಲಿ ಕೂಡಿಸಿ, ಅವರ ಮಾತು ಕೇಳತೊಡಗಿದರು. ಸಲಿಂಗಿಗಳು ನೂರಕ್ಕೆ ಹತ್ತು ಮಂದಿ ಎಂದು ಆಗ ಪ್ರಚಲಿತವಿದ್ದ ಅಂದಾಜಿನಿಂದ ಆ ಹೆಸರು ಬಂತು. ಈ ಮಕ್ಕಳು ಶಾಲೆ ಬಿಡದಂತೆ, ಜೀವ ಕಳೆದುಕೊಳ್ಳದಂತೆ ನೋಡಿಕೊಳ್ಳುವುದೇ ಗುರಿ. ಅದಕ್ಕಾಗಿ ಆಪ್ತಸಲಹೆ, ಶಿಕ್ಷಕರಿಗೆ ತರಬೇತಿ, ಲೈಬ್ರರಿಗೆ ಪುಸ್ತಕ. 1988ರಲ್ಲಿ ಧಾರ್ಮಿಕ ಗುಂಪುಗಳು ಇದನ್ನು ನಿಲ್ಲಿಸಲು ಒತ್ತಡ ತಂದವು, ಪ್ರಾಜೆಕ್ಟ್ ನಿಲ್ಲಲಿಲ್ಲ.

ನಮ್ಮ ದೇಶದಲ್ಲಿ? 2021ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ಶಾಲೆಗಳಲ್ಲಿ ಪೋಷಕರಿಗೂ ಈ ಬಗ್ಗೆ ಅರಿವು ಮೂಡಿಸಬೇಕು, ಇಂಥ ಮಕ್ಕಳನ್ನು ಅರಿಯಬಲ್ಲ ಆಪ್ತಸಲಹೆಗಾರರು ಇರಬೇಕು ಎಂದರು. ಆದೇಶವನ್ನು ಕೋರ್ಟು ಕೊಡಬಹುದು. ಕೂತು ಕೇಳುವ ಟೀಚರನ್ನು ಕೊಡಲಾರದು. ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಮಾರ್ಕ್ಸ್ ವಿಚಾರಿಸಿದ ಮೇಲೆ, ಇಂಥ ಮಗು ಈ ಶಾಲೆಯಲ್ಲಿ ಯಾರ ಹತ್ತಿರ ಹೋಗಿ ಮಾತಾಡಬಹುದು ಎಂದೂ ಕೇಳೋಣ.