ಎಲೆಕ್ಟ್ರಾನಿಕ್ ಸಿಗರೇಟಿನ ಕಾಯಿಲ್ ಮತ್ತು ಬತ್ತಿ ಜೋಡಣೆ: ಸಾರ್ವಜನಿಕರಿಗೆ ಮಾಹಿತಿ

ಎಲೆಕ್ಟ್ರಾನಿಕ್ ಸಿಗರೇಟಿನ ಅಟೊಮೈಜರ್ ಎಂಬ ಭಾಗದಲ್ಲಿ ದ್ರವವು ಕಾದು, ಉಸಿರಿನೊಡನೆ ಒಳಗೆಳೆಯುವ ಏರೋಸಾಲ್ ಆಗುತ್ತದೆ. ಕೆಲವು ಅಟೊಮೈಜರ್‌ಗಳ ಕಾಯಿಲ್ ಮತ್ತು ಬತ್ತಿಯನ್ನು ಬಳಕೆದಾರರೇ ಮರುಜೋಡಿಸಬಹುದಾಗಿದೆ. ಈ ಕೆಲಸವನ್ನು ಕಲಿಯಲು ಅಥವಾ ಇತರರಿಗೆ ಮಾಡಿಕೊಡಲು ಬಯಸುವವರು ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ರಚನೆ
ನಿಕ್ರೋಮ್ ಅಥವಾ ಕಾಂತಲ್ ತಂತಿಯನ್ನು ಸುರುಳಿಯಾಗಿ ಸುತ್ತಿ ಕಾಯಿಲ್ ತಯಾರಿಸಲಾಗುತ್ತದೆ. ಅದರ ನಡುವೆ ಹಾಯುವ ಹತ್ತಿಯ ಬತ್ತಿಯು ದ್ರವವನ್ನು ಹೀರಿ ತಂತಿಗೆ ಒದಗಿಸುತ್ತದೆ.

ಅಪಾಯಗಳು
1. ನಿಯಂತ್ರಕ ಮಂಡಲವಿಲ್ಲದ ಸಾಧನದಲ್ಲಿ, ಪೂರ್ಣ ಚಾರ್ಜ್ ಆದ 4.2 ವೋಲ್ಟ್ ಬ್ಯಾಟರಿಯಿಂದ 0.5 ಓಮ್ ರೋಧದ ಕಾಯಿಲ್‌ಗೆ ಸುಮಾರು 8.4 ಆಂಪಿಯರ್ ವಿದ್ಯುತ್ ಹರಿಯುತ್ತದೆ. ರೋಧವು 0.1 ಓಮ್‌ಗೆ ಇಳಿದಲ್ಲಿ ಇದು 42 ಆಂಪಿಯರ್‌ವರೆಗೆ ಏರಬಹುದು. ತಂತಿಯು ಲೋಹದ ಭಾಗಕ್ಕೆ ತಗುಲಿ ಶಾರ್ಟ್ ಸರ್ಕ್ಯೂಟ್ ಆದಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯು ಸಿಡಿಯುವ ಸಂಭವವಿದೆ.
2. ಬತ್ತಿ ಒಣಗಿದಲ್ಲಿ ದ್ರವವು ಅತಿಯಾಗಿ ಕಾದು ಫಾರ್ಮಾಲ್ಡಿಹೈಡ್‌ನಂತಹ ವಿಷಕಾರಿ ವಸ್ತುಗಳು ಉಂಟಾಗುತ್ತವೆ.

ಕಾನೂನು
ಎಲೆಕ್ಟ್ರಾನಿಕ್ ಸಿಗರೇಟುಗಳ ನಿಷೇಧ ಅಧಿನಿಯಮ, 2019ರ ಪ್ರಕಾರ ಸದರಿ ಸಾಧನಗಳ ಹಾಗೂ ಅವುಗಳ ಬಿಡಿಭಾಗಗಳ ತಯಾರಿಕೆ, ಆಮದು, ಮಾರಾಟ ಮತ್ತು ವಿತರಣೆಯನ್ನು ನಿಷೇಧಿಸಲಾಗಿದೆ. ತಯಾರಿಕೆ ಎಂಬುದರಲ್ಲಿ ಜೋಡಣೆಯೂ ಸೇರುತ್ತದೆ. ದ್ರವದಲ್ಲಿ ನಿಕೋಟಿನ್ ಇಲ್ಲವೆಂಬ ಕಾರಣಕ್ಕೆ ವಿನಾಯಿತಿ ದೊರೆಯುವುದಿಲ್ಲ. ಮೊದಲ ಅಪರಾಧಕ್ಕೆ 1 ವರ್ಷದವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ, ಪುನರಾವರ್ತಿತ ಅಪರಾಧಕ್ಕೆ 3 ವರ್ಷದವರೆಗೆ ಕಾರಾವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡವನ್ನು ವಿಧಿಸಬಹುದಾಗಿದೆ. ಅಂಗಡಿ ಅಥವಾ ಉದ್ಯಮದ ನೋಂದಣಿ ಹೊಂದಿರುವವರಿಗೂ ಈ ನಿಷೇಧ ಅನ್ವಯಿಸುತ್ತದೆ.

ಲಭ್ಯವಿರುವ ಸೇವೆ
ನಿಕೋಟಿನ್ ಚಟವನ್ನು ತ್ಯಜಿಸಲಿಚ್ಛಿಸುವವರು ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356 ಅನ್ನು ಸಂಪರ್ಕಿಸಬಹುದು. ಕರೆ ಉಚಿತವಾಗಿದೆ.