ಸಿನಿಮಾಗೆ ಮುಂಚೆ ಸ್ವಂತ ಹಾಡು: ರಘು ದೀಕ್ಷಿತ್ ನಡೆದ ದಾರಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯಿಂದ ಮೈಸೂರು ಬಸ್ ಹತ್ತಿ, ಇಯರ್‌ಫೋನ್ ಹಾಕ್ಕೊಂಡಿರೋ ಎಲ್ಲರಿಗೂ. ನಮ್ಮ ಕಡೆ ಗಿಟಾರ್ ಹಿಡಿದಿರೋರಿಗೆಲ್ಲ ಇರೋದು ಒಂದೇ ಪ್ರಶ್ನೆ: ಸಿನಿಮಾಗೆ ಕಾಯದೆ, ಸ್ವಂತ ಹಾಡು ಬರೆದು ಬದುಕೋಕಾಗುತ್ತಾ?

ಹಾಗೆ ಬದುಕಿದವರು ಪಕ್ಕದಲ್ಲೇ ಇದ್ದಾರೆ. ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ, ನಾಸಿಕ್‌ನಲ್ಲಿ. ಬೆಳೆದದ್ದು ಮೈಸೂರಲ್ಲಿ. ಓದಿದ್ದು ಮೈಕ್ರೋಬಯಾಲಜಿ, ಅದರಲ್ಲಿ ಚಿನ್ನದ ಪದಕ ಬೇರೆ. ಕಲಿತಿದ್ದು ಭರತನಾಟ್ಯ. ಗಿಟಾರ್? ಡಾನ್ಸ್ ಮಾಡ್ತಾನೆ ಅಂತ ಕಾಲೇಜಲ್ಲಿ ಗೆಳೆಯ ರೇಗಿಸಿದ್ದಕ್ಕೆ ಹಟ ಹಿಡಿದು ತಾವೇ ಕಲಿತದ್ದು. ಬೆಲ್ಜಿಯಂನಲ್ಲಿ ಸಿಕ್ಕಿದ್ದ ಕೆಲಸ ಬಿಟ್ಟು ವಾಪಸ್ ಬಂದರು. ನಮ್ಮ ಮನೆಗಳಲ್ಲಿ ಈ ಮಾತು ಹೇಳಿ ನೋಡಿ, ಊಟ ಹಾಕಲ್ಲ!

ಸಿನಿಮಾ ಹೊರಗಿನ ಹಾಡು ಕನ್ನಡಕ್ಕೆ ಹೊಸದೇನಲ್ಲ. ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಿದ್ದು 1978ರಲ್ಲಿ. ಸಿ. ಅಶ್ವಥ್ ಅವರು ಶಿಶುನಾಳ ಷರೀಫರನ್ನ ಮನೆಮನೆಗೆ ಮುಟ್ಟಿಸಿದರು. ಆದರೆ ರಘು ಹಾಡು ಹಿಡ್ಕೊಂಡು ಅಲೆಯೋ ಹೊತ್ತಿಗೆ ಕ್ಯಾಸೆಟ್ ಕಾಲ ಮುಗೀತಾ ಬಂದಿತ್ತು. ಕಂಪನಿಗಳು ವರ್ಷಗಟ್ಟಲೆ ಬೇಡ ಅಂದವು.

ಮೊದಲು ‘ಅಂತರಾಗ್ನಿ’ ಅಂತ ಬ್ಯಾಂಡ್ ಇತ್ತು. ಆಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’. ಪ್ರಾಜೆಕ್ಟ್ ಅಂತ ಯಾಕೆ? ವಾದ್ಯದವರು ಬರಬಹುದು, ಹೋಗಬಹುದು, ಹಾಡು ನಿಲ್ಲಲ್ಲ. ಬಿ.ಕಾಂ ಓದಿದ ನನ್ನ ಕಣ್ಣಿಗೆ ಇದು ಜಾಣ ಲೆಕ್ಕ: ತಿಂಗಳ ಸಂಬಳದ ಹೊರೆ ಇಲ್ಲ, ಶೋ ಇದ್ದಾಗ ಖರ್ಚು.

2008ರಲ್ಲಿ ಮೊದಲ ಆಲ್ಬಂ ಬಂತು, ಹೊರತಂದದ್ದು ಬಾಲಿವುಡ್‌ನ ವಿಶಾಲ್–ಶೇಖರ್ ಜೋಡಿ. ಹಿಂದಿ ಹಾಡುಗಳ ಜೊತೆಗೇ ಷರೀಫರ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’. 1889ರಲ್ಲಿ ತೀರಿಕೊಂಡ ತತ್ವಪದಕಾರನ ಪದಕ್ಕೆ ಗಿಟಾರ್, ಡ್ರಮ್ಸ್, ವಯಲಿನ್. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಸ್ಟೇಜ್ ಹತ್ತೋ ಗಾಯಕ. ಆ ಗೆಜ್ಜೆಗೂ ಹಳೇ ಭರತನಾಟ್ಯಕ್ಕೂ ನಂಟಿದೆ ಅಂತ ನನಗನ್ನಿಸುತ್ತೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋ. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಜೊತೆಗೆ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ. 2013ರಲ್ಲಿ ಎರಡನೇ ಆಲ್ಬಂ ‘ಜಗ್ ಚಂಗಾ’.

ಒಂದು ಮಾತು ಮುಚ್ಚಿಡಲ್ಲ. ಆಲ್ಬಂ ಬಂದ 2008ರಲ್ಲೇ ಅವರು ಸಂಗೀತ ಕೊಟ್ಟ ‘ಸೈಕೋ’ ಸಿನಿಮಾನೂ ಬಂತು. ಅಂದ್ರೆ ಸಿನಿಮಾ ಬಿಟ್ಟು ಬದುಕಿದ ಕಥೆ ಅಲ್ಲ ಇದು. ಸಿನಿಮಾದವರು ಬರೋ ಹೊತ್ತಿಗೆ ರಘು ಕೈಲಿ ಸ್ವಂತ ಹಾಡುಗಳಿದ್ದವು, ಸ್ವಂತ ಧ್ವನಿ ಇತ್ತು. ಅವರು ಕೇಳಿಕೊಂಡು ಬಂದದ್ದೇ ಆ ಧ್ವನಿಯನ್ನ.

ಮುಂದಿನ ಎಪಿಸೋಡ್ ‘ಸ್ವರಾತ್ಮ’ ಬ್ಯಾಂಡಿನ ವಾಸು ದೀಕ್ಷಿತ್ ಬಗ್ಗೆ. ಹೌದು, ರಘು ಅವರ ತಮ್ಮ.