ಇನ್ಸುಲಿನ್ ಬಂದ ಮೇಲೆ ಮರಳಿ ಪಾಠಕ್ಕೆ ಕುಳಿತ ವೈದ್ಯರು

1922ನೆಯ ಇಸವಿಯ ಜನವರಿ 11ರಂದು ಕೆನಡಾ ದೇಶದ ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ, ಮಧುಮೇಹದಿಂದ ಅಸ್ಥಿಪಂಜರಪ್ರಾಯನಾಗಿದ್ದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಬಾಲಕನಿಗೆ, ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ರಸವನ್ನು ಚುಚ್ಚುಮದ್ದಾಗಿ ಕೊಡಲಾಯಿತು. ಚುಚ್ಚಿದೆಡೆ ಬಾವು ಬಂದಿತೇ ಹೊರತು ಹೇಳಿಕೊಳ್ಳುವಂಥ ಗುಣವೇನೂ ಕಾಣಲಿಲ್ಲ. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಶುದ್ಧಿಗೊಳಿಸಿ ಕೊಟ್ಟ ಮೇಲೆ, ಅದೇ ತಿಂಗಳ 23ರಿಂದ ಹುಡುಗನ ಮೂತ್ರದಲ್ಲಿ ಸಕ್ಕರೆ ಇಳಿಯಿತು. ಮೈಯಲ್ಲಿ ಕಸುವು ಮೂಡಿತು. ಈ ಕಥೆಯನ್ನು ಲೋಕವು ಬಲ್ಲದು. ಬ್ಯಾಂಟಿಂಗ್ ಮತ್ತು ಆ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಮ್ಯಾಕ್ಲಿಯಡ್ ಅವರಿಗೆ ಮರುವರ್ಷವೇ ನೊಬೆಲ್ ಪಾರಿತೋಷಕವು ಸಂದಿತು. ಆದರೆ ಈ ಕಥೆಯ ಬೆನ್ನಿಗೇ ಹುಟ್ಟಿದ ಇನ್ನೊಂದು ಕಥೆಯಿದೆ. ಅದರಲ್ಲಿ ನಾಟಕೀಯವಾದ ದಿನಗಳಿಲ್ಲದಿರುವುದರಿಂದಲೋ ಏನೋ ಹೇಳುವವರು ವಿರಳ. ಜಗತ್ತಿನಲ್ಲಿ ಒಬ್ಬ ವೈದ್ಯನಾದರೂ ತನ್ನ ವಿದ್ಯಾಲಯದಲ್ಲಿ ಓದಿರದಿದ್ದ, ಇನ್ಸುಲಿನ್ ಎಂಬ ಈ ಔಷಧವನ್ನು, ಪದವಿ ಪಡೆದು ಇಪ್ಪತ್ತು ಮೂವತ್ತು ವರ್ಷ ಕಳೆದಿದ್ದ ವೈದ್ಯರು ಹೇಗೆ ಕಲಿತರು, ಅವರಿಗೆ ಕಲಿಸಿದವರು ಯಾರು ಎಂಬುದೇ ಆ ಕಥೆ.

ಅದುವರೆಗೆ ವೈದ್ಯರಿಗೆ ತಿಳಿದಿದ್ದುದು ಒಂದೇ ದಾರಿ, ಉಪವಾಸ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಫ್ರೆಡರಿಕ್ ಆಲೆನ್ ಅವರು ರೂಪಿಸಿದ ಪದ್ಧತಿಯಂತೆ, ಮೂತ್ರದಲ್ಲಿ ಸಕ್ಕರೆ ಇಲ್ಲವಾಗುವವರೆಗೆ ರೋಗಿಗೆ ಆಹಾರವನ್ನು ನಿಲ್ಲಿಸಿ, ಅನಂತರ ತೂಗಿ ಅಳೆದು ಇಷ್ಟಿಷ್ಟೇ ಉಣಿಸುತ್ತಿದ್ದರು. ಮಕ್ಕಳು ರೋಗದಿಂದ ಸಾಯುವುದು ಕೆಲವು ತಿಂಗಳೋ ಕೆಲವು ವರ್ಷವೋ ಮುಂದಕ್ಕೆ ಹೋಗುತ್ತಿದ್ದಿತು. ಹಸಿವಿನಿಂದ ಸಾಯುವುದು ಹತ್ತಿರವಾಗುತ್ತಿದ್ದಿತು. ಕ್ರೂರವೆಂದು ತೋರುವ ಈ ಚಿಕಿತ್ಸೆಯನ್ನು ನಾವು ಇಂದು ಹಗುರವಾಗಿ ನಿಂದಿಸಲಾಗದು. ಇನ್ಸುಲಿನ್ ಬರುವವರೆಗೂ ಜೀವ ಹಿಡಿದುಕೊಂಡಿದ್ದು ಬದುಕಿಕೊಂಡ ಮಕ್ಕಳು ಬದುಕಿದ್ದು ಅದರ ಬಲದಿಂದಲೇ.

ಆ ಕಾಲದಲ್ಲಿ ಬಾಸ್ಟನ್ ನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಎಲಿಯಟ್ ಜಾಸ್ಲಿನ್ ಅವರನ್ನು ಈ ಇತಿಹಾಸದ ಮೊದಲ ಗುರುವೆಂದು ನಾನು ಎಣಿಸುತ್ತೇನೆ. ಅವರ ತಾಯಿಯೇ ಮಧುಮೇಹಿ. ವಿದ್ಯಾರ್ಥಿದೆಸೆಯಲ್ಲಿ, 1893ರಲ್ಲಿ, ಅವರು ಒಂದು ದಪ್ಪ ಲೆಕ್ಕದ ಪುಸ್ತಕದಲ್ಲಿ ಮಧುಮೇಹಿಗಳ ವಿವರಗಳನ್ನು ಬರೆದಿಡತೊಡಗಿದರು. ಆ ಅಭ್ಯಾಸವನ್ನು ಕಡೆಯವರೆಗೂ ಬಿಡಲಿಲ್ಲ. ಹೀಗೆ ಕೂಡಿಬಂದ ಸಾವಿರ ರೋಗಿಗಳ ಅನುಭವದ ಆಧಾರದ ಮೇಲೆ 1916ರಲ್ಲಿ ವೈದ್ಯರಿಗಾಗಿ ಒಂದು ಗ್ರಂಥವನ್ನು ಪ್ರಕಟಿಸಿ, ಎರಡು ವರ್ಷಗಳ ತರುವಾಯ ವೈದ್ಯನೂ ರೋಗಿಯೂ ಜೊತೆಗೂಡಿ ಓದಬಹುದಾದ ಒಂದು ಕೈಪಿಡಿಯನ್ನು ಹೊರತಂದರು. ವೈದ್ಯನಿಗೂ ರೋಗಿಗೂ ಒಂದೇ ಪುಸ್ತಕ! ರೋಗಿಯು ಕೇಳಬೇಕು, ವೈದ್ಯನು ಹೇಳಬೇಕು ಎಂಬುದೇ ಕಟ್ಟಳೆಯಾಗಿದ್ದ ದಿನಗಳಲ್ಲಿ ಇದು ಸಾಮಾನ್ಯ ಸಾಹಸವಲ್ಲ.

ಇನ್ಸುಲಿನ್ ಬಂದೊಡನೆ ವೈದ್ಯರ ಕಷ್ಟಗಳು ತೀರಿದವೆಂದು ಎಣಿಸುವವರು ಆ ಮೊದಲ ವರ್ಷಗಳ ಸ್ಥಿತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಔಷಧದ ಬಲವು ಒಂದು ತಯಾರಿಕೆಯಿಂದ ಇನ್ನೊಂದಕ್ಕೆ ಬದಲಾಗುತ್ತಿದ್ದಿತು. ಅದನ್ನು ಅಳೆಯಲು ಉಪವಾಸವಿದ್ದ ಮೊಲಕ್ಕೆ ಚುಚ್ಚಿ, ಅದರ ರಕ್ತದ ಸಕ್ಕರೆಯು ಸೆಳವು ಬರುವ ಮಟ್ಟಕ್ಕೆ ಇಳಿಯಲು ಎಷ್ಟು ಬೇಕಾಯಿತೆಂಬುದರ ಮೇಲೆ ಪ್ರಮಾಣವನ್ನು ನಿಶ್ಚಯಿಸುತ್ತಿದ್ದರು. ಇದಕ್ಕಿಂತಲೂ ದೊಡ್ಡ ತೊಡಕೆಂದರೆ, ಸಕ್ಕರೆಯನ್ನು ಶತ್ರುವೆಂದು ಭಾವಿಸಿ ಜೀವಮಾನವೆಲ್ಲ ಅದರೊಡನೆ ಹೋರಾಡಿದ್ದ ವೈದ್ಯನು, ಸಕ್ಕರೆ ಮಿತಿಮೀರಿ ಇಳಿದರೂ ರೋಗಿಯು ಸಾಯಬಹುದೆಂಬ ಹೊಸ ಸತ್ಯವನ್ನು ಅರಗಿಸಿಕೊಳ್ಳಬೇಕಾಯಿತು. ನಡುರಾತ್ರಿಯಲ್ಲಿ ಕರೆ ಬಂದು ಹೋಗಿ ನೋಡಿದರೆ, ಪ್ರಜ್ಞೆ ತಪ್ಪಿ ಮಲಗಿರುವ ಮಧುಮೇಹಿ. ಇನ್ಸುಲಿನ್ ಸಾಲದೆ ಹೀಗಾಯಿತೋ, ಹೆಚ್ಚಾಗಿ ಹೀಗಾಯಿತೋ? ಮೊದಲನೆಯದಾದರೆ ಇನ್ಸುಲಿನ್ ಕೊಡಬೇಕು. ಎರಡನೆಯದಾದರೆ ಸಕ್ಕರೆ ಕೊಡಬೇಕು. ತಾರುಮಾರಾಗಿ ಕೊಟ್ಟರೆ ಕೈಯಾರೆ ಕೊಂದಂತಾಗಬಹುದು. ಒಣಗಿದ ಚರ್ಮ, ಆಳವಾಗಿ ಎಳೆಯುವ ಉಸಿರು, ಆ ಉಸಿರಿನಲ್ಲಿ ಹಣ್ಣು ಕಳಿತಂಥ ವಾಸನೆ ಇದ್ದರೆ ಮೊದಲನೆಯದು. ಬೆವರಿನಿಂದ ತೊಯ್ದ ಮೈ, ನಡುಕ, ಅದಕ್ಕೂ ಮೊದಲು ವಿಪರೀತ ಹಸಿವು, ಕಾರಣವಿಲ್ಲದ ಸಿಡಿಮಿಡಿ ಕಂಡಿದ್ದರೆ ಎರಡನೆಯದು. ಇಂದು ವೈದ್ಯವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿರುವ ಈ ವಿವೇಚನೆಯನ್ನು ಅಂದು ತಲೆ ನರೆತ ವೈದ್ಯರು ಹೊಸತಾಗಿ ಅಭ್ಯಾಸ ಮಾಡಿದರು.

ಇನ್ಸುಲಿನ್ ಮೇಲಿನ ಹಕ್ಕನ್ನು ಹೆಸರಿಗೆ ಒಂದೊಂದು ಡಾಲರಿನ ಬೆಲೆಗೆ ಸಂಶೋಧಕರಿಂದ ಪಡೆದಿದ್ದ ಟೊರಾಂಟೊ ವಿಶ್ವವಿದ್ಯಾಲಯವು ಈ ಅಪಾಯವನ್ನು ಬಲ್ಲುದಾಗಿತ್ತು. ಆದಕಾರಣ ಔಷಧವು ಮೊದಲಿಗೆ ಎಲ್ಲರ ಕೈಗೂ ಹೋಗದೆ, ಮಧುಮೇಹದಲ್ಲಿ ಪಳಗಿದ ಕೆಲವೇ ವೈದ್ಯರಿಗೆ ಪರೀಕ್ಷಾರ್ಥವಾಗಿ ಸಲ್ಲತಕ್ಕದ್ದೆಂದಾಯಿತು. 1922ರ ನವೆಂಬರಿನಲ್ಲಿ ಆಲೆನ್, ಜಾಸ್ಲಿನ್ ಮೊದಲಾದವರು ಟೊರಾಂಟೊದಲ್ಲಿ ಕಲೆತು ತಂತಮ್ಮ ಅನುಭವಗಳನ್ನು ಮುಂದಿಟ್ಟರು. 1923ರಲ್ಲಿ ಕಿರಿಯ ಜಾನ್ ಡಿ. ರಾಕ್‌ಫೆಲ್ಲರ್ ಅವರು ಅಮೆರಿಕಾ ಮತ್ತು ಕೆನಡಾಗಳ ಹದಿನೈದು ಆಸ್ಪತ್ರೆಗಳಿಗೆ ಒಟ್ಟು 1,50,000 ಡಾಲರುಗಳನ್ನು, ಇನ್ಸುಲಿನ್ ಬಳಕೆಯನ್ನು ಹರಡಲೆಂದು ದಾನವಾಗಿತ್ತರು. ಔಷಧವನ್ನು ಕೊಂಡು ಹಂಚುವುದಕ್ಕೆ ಹಣ ಕೊಡುವ ದಾನಿಗಳು ಎಲ್ಲ ಕಾಲದಲ್ಲಿಯೂ ಉಂಟು. ಅದನ್ನು ಬಳಸುವ ಅರಿವನ್ನು ಬೆಳೆಸಲು ಹಣ ಕೊಟ್ಟದ್ದನ್ನು ನಾನು ಹೆಚ್ಚಿನದೆಂದು ಗಣಿಸುತ್ತೇನೆ.

ಸಮುದ್ರದಾಚೆ ಈ ವಿದ್ಯೆಯನ್ನು ಒಯ್ದವರಲ್ಲಿ ಕೆಲವರಿಗೆ ರೋಗವು ಮನೆಯದೇ ಆಗಿದ್ದಿತು. ಡೆನ್ಮಾರ್ಕಿನ ಶರೀರಶಾಸ್ತ್ರಜ್ಞ ಆಗಸ್ಟ್ ಕ್ರೋಗ್ ಅವರು 1922ರ ಕೊನೆಯಲ್ಲಿ ಟೊರಾಂಟೊಗೆ ಹೋಗಿ ತಯಾರಿಕೆಯ ಅನುಮತಿಯನ್ನು ತಂದರು. ಅವರ ಪತ್ನಿ, ಸ್ವತಃ ವೈದ್ಯೆಯಾದ ಮೇರಿ ಕ್ರೋಗ್, ಮಧುಮೇಹಿಯಾಗಿದ್ದರು. ಲಂಡನ್ನಿನ ರಾಬಿನ್ ಲಾರೆನ್ಸ್ ಅವರದು ಇನ್ನೂ ಮನಕರಗಿಸುವ ವೃತ್ತಾಂತ. ತರುಣ ಶಸ್ತ್ರವೈದ್ಯರಾಗಿದ್ದಾಗಲೇ ಅವರಿಗೆ ಈ ರೋಗವು ಗೊತ್ತಾಯಿತು. ಇನ್ನು ಹೆಚ್ಚು ಕಾಲ ಬದುಕೆನೆಂದು ತಿಳಿದು, ಮನೆಯವರ ಕಣ್ಣೆದುರು ಸಾಯಬಾರದೆಂದು ಇಟಲಿಯ ಫ್ಲಾರೆನ್ಸಿಗೆ ಹೋಗಿ ಅಲ್ಲಿ ವೃತ್ತಿ ನಡೆಸುತ್ತಿದ್ದರು. 1923ರಲ್ಲಿ, ಇನ್ಸುಲಿನ್ ದೊರೆತಿದೆ, ಕೂಡಲೆ ಬರಬೇಕು ಎಂದು ಮಿತ್ರರೊಬ್ಬರು ತಿಳಿಸಿದಾಗ, ಕ್ಷೀಣಿಸಿದ ಮೈಯಲ್ಲಿಯೇ ಮೋಟಾರು ನಡೆಸಿಕೊಂಡು ಲಂಡನ್ ಸೇರಿದರು. ಆಮೇಲೆ ಅವರು ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಮಧುಮೇಹ ವಿಭಾಗವನ್ನು ಕಟ್ಟಿದರು. 1925ರಲ್ಲಿ ಅವರು ಬರೆದ ಪುಸ್ತಕವು ಆವೃತ್ತಿಯ ಮೇಲೆ ಆವೃತ್ತಿಯಾಗಿ ದಶಕಗಳ ಕಾಲ ವೈದ್ಯರ ಮೇಜಿನ ಮೇಲೆಯೂ ರೋಗಿಗಳ ಮನೆಗಳಲ್ಲಿಯೂ ಇದ್ದಿತು. ತನ್ನ ತೊಡೆಗೆ ತಾನೇ ಸೂಜಿ ಚುಚ್ಚಿಕೊಂಡು ಬಂದು ಪಾಠ ಹೇಳುವ ಗುರುವಿನ ಮಾತಿಗೆ ಎಷ್ಟು ತೂಕವಿದ್ದೀತು!

ಹೊಸ ಹೊಸ ಔಷಧಗಳು ವೈದ್ಯರನ್ನು ಮತ್ತೆ ಮತ್ತೆ ಪಾಠಕ್ಕೆ ಕರೆದವು. ಡೆನ್ಮಾರ್ಕಿನ ವೈದ್ಯ ಹಾಗೆಡೋರ್ನ್ ಅವರ ನಿಧಾನವಾಗಿ ಕೆಲಸ ಮಾಡುವ ಪ್ರೋಟಮಿನ್ ಇನ್ಸುಲಿನ್ 1936ರಲ್ಲಿ ಬಂದಿತು. ಬಾಯಿಂದ ನುಂಗುವ ಮಾತ್ರೆಗಳು ಐವತ್ತರ ದಶಕದಲ್ಲಿ ಬಂದವು. ಆದರೆ ಔಷಧಗಳಿಗಿಂತಲೂ ಹೆಚ್ಚಾಗಿ ವೈದ್ಯರನ್ನು ಕಾಡಿದ್ದು ಒಂದು ಮೂಲಭೂತ ಪ್ರಶ್ನೆ. ರಕ್ತದ ಸಕ್ಕರೆಯನ್ನು ಸದಾ ಸಹಜ ಮಟ್ಟದ ಹತ್ತಿರ ಹಿಡಿದಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳು ಕೆಡದೆ ಉಳಿಯುವುವೆಂದು ಜಾಸ್ಲಿನ್ ಬೋಧಿಸಿದರು. ನ್ಯೂಯಾರ್ಕಿನ ಎಡ್ವರ್ಡ್ ಟಾಲ್‌ಸ್ಟಾಯ್ ಮೊದಲಾದವರು, ರೋಗಿಗೆ ಬಾಧೆಯಿಲ್ಲದಿದ್ದರೆ ಸಾಕು, ಮೂತ್ರದಲ್ಲಿ ಕೊಂಚ ಸಕ್ಕರೆ ಇದ್ದರೇನು, ಊಟವನ್ನು ಸಡಿಲಬಿಡಿರಿ ಎಂದು ಬೋಧಿಸಿದರು. ಇಬ್ಬರ ಶಿಷ್ಯರೂ ಪ್ರಾಮಾಣಿಕರೇ. ಇಬ್ಬರಲ್ಲಿಯೂ ನಿರ್ಣಾಯಕವಾದ ಪ್ರಮಾಣವಿರಲಿಲ್ಲ. ಮರುಪಾಠಕ್ಕೆ ಬಂದ ವೈದ್ಯನು ಯಾವ ಗುರುವಿನ ಮುಂದೆ ಕುಳಿತನೋ ಅದರ ಮೇಲೆ ಅವನ ಊರಿನ ರೋಗಿಗಳ ಹಣೆಬರಹವು ನಿಂತಿದ್ದಿತು. ಇದನ್ನು ನೆನೆದಾಗ ನನಗೆ ವ್ಯಥೆಯಾಗುತ್ತದೆ. 1970ರಲ್ಲಿ ಅಮೆರಿಕಾದ ಒಂದು ದೊಡ್ಡ ಪರೀಕ್ಷಣವು ಟಾಲ್‌ಬ್ಯುಟಮೈಡ್ ಮಾತ್ರೆಯಿಂದ ಹೃದಯಕ್ಕೆ ಕೇಡಿದೆಯೆಂದು ಸೂಚಿಸಿದಾಗಲಂತೂ ವೈದ್ಯರಲ್ಲಿ ಎರಡು ಪಕ್ಷಗಳಾಗಿ, ವಾದವು ನ್ಯಾಯಾಲಯದವರೆಗೂ ಹೋಯಿತು.

ಮೂಲ ಪ್ರಶ್ನೆಗೆ ಉತ್ತರ ದೊರೆತದ್ದು 1993ರಲ್ಲಿ. ಅಷ್ಟರೊಳಗೆ ಜಾಸ್ಲಿನ್ ಅವರು ತೀರಿಕೊಂಡು 31 ವರ್ಷಗಳಾಗಿದ್ದವು. 1,441 ರೋಗಿಗಳನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ನೋಡಿದಾಗ, ಬಿಗಿಯಾದ ಹತೋಟಿಯಲ್ಲಿದ್ದವರ ಪೈಕಿ ಮೊದಲು ಕಣ್ಣಿನ ಕೇಡಿಲ್ಲದಿದ್ದವರಲ್ಲಿ ಆ ಕೇಡಿನ ಸಂಭವವು ನೂರಕ್ಕೆ 76ರಷ್ಟು ತಗ್ಗಿದ್ದಿತು. ಆದರೆ ಸಕ್ಕರೆ ಅತಿಯಾಗಿ ಇಳಿಯುವ ಅಪಾಯವು ಅದೇ ಗುಂಪಿನಲ್ಲಿ ಸುಮಾರು ಮೂರು ಪಟ್ಟಾಗಿದ್ದಿತು. ಜಾಸ್ಲಿನ್ ಅವರು ಹೇಳಿದ್ದು ದಿಟವಾಯಿತು. ಅದನ್ನು ನಡೆಸಬೇಕಾದ ವೈದ್ಯನ ಎಚ್ಚರವು ಇನ್ನೂ ಹೆಚ್ಚಬೇಕಾಯಿತು.

ನಮ್ಮ ದೇಶದಲ್ಲಿ ಈ ಪರಂಪರೆಯನ್ನು ಬೆಳೆಸಿದ ಊರುಗಳಲ್ಲಿ ಮದರಾಸು ಮುಖ್ಯವಾದುದು. ಬೆನೆಡಿಕ್ಟ್ ದ್ರಾವಣಕ್ಕೆ ಎಂಟು ತೊಟ್ಟು ಮೂತ್ರ ಹಾಕಿ ಕಾಸಿ, ನೀಲಿಯು ಹಸುರಾಯಿತೋ ಹಳದಿಯಾಯಿತೋ ಇಟ್ಟಿಗೆಗೆಂಪಾಯಿತೋ ಎಂದು ನೋಡುವುದೇ ಸಣ್ಣ ಊರುಗಳ ವೈದ್ಯರಿಗೆ ಕೈಗೆಟುಕುವ ಪರೀಕ್ಷೆಯಾಗಿದ್ದ ದಿನಗಳಲ್ಲಿ, ಡಾ. ಎಂ. ವಿಶ್ವನಾಥನ್ ಅವರು ಅಲ್ಲಿ ಮಧುಮೇಹಕ್ಕಾಗಿಯೇ ದುಡಿಯತೊಡಗಿದರು. 1954ರಲ್ಲಿ ಅವರು ಅಲ್ಲಿನ ರಾಯಪುರಂನಲ್ಲಿ ತೆರೆದ ಆಸ್ಪತ್ರೆಯು ಮುಂದೆ ಈ ರೋಗಕ್ಕೇ ಮೀಸಲಾಯಿತು. 1972ರಲ್ಲಿ ಭಾರತದ ಮಧುಮೇಹ ಸಂಶೋಧಕರ ಸಂಘವು ಹುಟ್ಟಿತು. ವೈದ್ಯನಾದವನು ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳಾದರೂ ಮುಂದುವರಿದ ಶಿಕ್ಷಣದಲ್ಲಿ ತೊಡಗಬೇಕೆಂದು ವೈದ್ಯಕೀಯ ಪರಿಷತ್ತು 2002ರ ನಿಯಮಾವಳಿಯಲ್ಲಿ ವಿಧಿಸಿತು. ಎಲ್ಲ ರೋಗಗಳಿಗೂ ಸೇರಿ ಮೂವತ್ತು ಗಂಟೆ! ಈ ಒಂದು ರೋಗಕ್ಕೇ ಅದು ಸಾಲದೆಂದು ಬಲ್ಲವರು ಬೇರೆಯ ಏರ್ಪಾಡನ್ನು ಮಾಡಬೇಕಾಯಿತು. ವಿಶ್ವನಾಥನ್ ಅವರ ಮಗ ಡಾ. ವಿ. ಮೋಹನ್ ಅವರ ಶಿಕ್ಷಣಸಂಸ್ಥೆಯೂ ಭಾರತದ ಸಾರ್ವಜನಿಕ ಆರೋಗ್ಯ ಪ್ರತಿಷ್ಠಾನವೂ ಕೂಡಿ 2010ರಲ್ಲಿ ಸಾಮಾನ್ಯ ವೈದ್ಯರಿಗಾಗಿ ಮಧುಮೇಹದ ಪ್ರಮಾಣಪತ್ರ ಶಿಕ್ಷಣವನ್ನು ಆರಂಭಿಸಿದವು. ಚಿಕಿತ್ಸಾಲಯವನ್ನು ಮುಚ್ಚದೆಯೇ ತಿಂಗಳಿಗೊಮ್ಮೆ ಬಂದು ಕಲಿತುಹೋಗುವಂತೆ ಅದನ್ನು ಹೊಂದಿಸಿರುವುದರಿಂದ, ಬೇರೆ ವೈದ್ಯರಿಲ್ಲದ ಊರಿನವನಿಗೂ ಬರಲು ಸಾಧ್ಯವಾಗುತ್ತದೆ.